ಅಕ್ಕನ ಸೈಕಲ್ಲಿಗೆ ಕೆಂಪು ಚೀಟಿ

ನನಗೊಂದು ಕೆಟ್ಟ ಚಟವಿದೆ. ರಸ್ತೆ ಬದಿಗೆ ಯಾರದಾದರೂ ಸೈಕಲ್ಲು ನಿಂತಿದ್ದರೆ ಸಾಕು, ಅತ್ತಿತ್ತ ನೋಡಿ, ಅದರ ಪೆಡಲನ್ನು ಕಾಲಿನ ತುದಿಯಿಂದ ಒಮ್ಮೆ ಹಿಂದಕ್ಕೆ ತಿರುಗಿಸಿಬಿಡುತ್ತೇನೆ. ಟಿಕ್ ಟಿಕ್ ಟಿಕ್ ಎನ್ನುವ ಆ ಸದ್ದಿನಲ್ಲೇ ಚೈನು ಎಣ್ಣೆ ಕಂಡು ಎಷ್ಟು ದಿನವಾಯಿತು, ಹಲ್ಲು ಎಷ್ಟು ಸವೆದಿದೆ, ಯಜಮಾನ ಎಷ್ಟು ಸೋಮಾರಿ ಎಲ್ಲ ತಿಳಿದುಹೋಗುತ್ತದೆ. ಒಮ್ಮೆ ಹಾಲಿನವನ ಸೈಕಲ್ಲಿನ ನಾಡಿ ಹೀಗೆ ನೋಡುತ್ತಿದ್ದಾಗ ಅವನೇ ಹಿಂದೆ ಬಂದು ನಿಂತು, "ಕಾಯ ಕಾಕಾ, ವಿಕತ ಘ್ಯಾಯಚೀ ಆಹೇ ಕಾ?" ಎಂದು ಕೇಳಿದ. ಕೊಂಡುಕೊಳ್ಳುತ್ತೀರೇನು ಎಂದು ಅವನ ಬಾಯಿ ಕೇಳುತ್ತಿತ್ತು, ಕದಿಯುತ್ತೀರೇನು ಎಂದು ಅವನ ಕಣ್ಣು. ಎಪ್ಪತ್ತಕ್ಕೆ ಹತ್ತಿರ ಬಂದ ಮನುಷ್ಯ ನಾನು. "ಚೈನ್ ಢಿಲೀ ಆಹೇ" ಎಂದು, ಚೈನು ಸಡಿಲಾಗಿದೆಯೆನ್ನುವ ಸಲಹೆ ಕೊಟ್ಟು, ಮರ್ಯಾದೆ ಉಳಿದಷ್ಟನ್ನು ಕಟ್ಟಿಕೊಂಡು ಮನೆಗೆ ಬಂದೆ.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಪುಣೆಯ ಹತ್ತಿರದ ಭೋಸರಿಯ ಒಂದು ಗಿಯರು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್ ಖೋಲಿಯಲ್ಲಿ ಕೂತವನು ನಾನು. ಯಾರಾದರೂ "ಓಹೋ, ನೀವು ಗಿಯರು ಮಾಡುತ್ತಿದ್ದಿರೋ?" ಎಂದು ಕೇಳಿದರೆ ನನಗೆ ಸಂಕೋಚವಾಗುತ್ತದೆ. ನಾನು ಒಂದೂ ಗಿಯರು ಮಾಡಲಿಲ್ಲ. ಮಂದಿ ಮಾಡಿದ ಗಿಯರನ್ನು ಬೇಡ ಎನ್ನುವುದೇ ನನ್ನ ಉದ್ಯೋಗವಾಗಿತ್ತು. ನನ್ನ ಮೇಜಿನ ಮೇಲೆ ಮೂರು ಬಣ್ಣದ ಚೀಟಿಗಳಿರುತ್ತಿದ್ದವು. ಸರಿಯಿದ್ದದ್ದಕ್ಕೆ ಹಸಿರು, ತಿದ್ದಿ ತರಬಹುದಾದದ್ದಕ್ಕೆ ಹಳದಿ, ಕುಲುಮೆಗೆ ಹೋಗಬೇಕಾದದ್ದಕ್ಕೆ ಕೆಂಪು. ದಾರ ಪೋಣಿಸಿದ ಆ ಕೆಂಪು ಚೀಟಿ ಕಟ್ಟುವಾಗ ನನ್ನ ಕೈಯಲ್ಲಿ ಒಂದು ಬಗೆಯ ಸುಖ ಓಡಾಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈಗಲೂ ನನ್ನ ಹೆಂಡತಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ನನ್ನ ಮುಖ ನೋಡದೆ ಒಳಗೆ ಹೋಗಿಬಿಡುತ್ತಾಳೆ. ನೋಡಿದರೆ ತಾನೇ ನಾನು ಏನಾದರೂ ಹೇಳುವುದು!

ನಿವೃತ್ತನಾದ ಮೇಲೆ ಈ ವಿದ್ಯೆಯನ್ನೆಲ್ಲ ಎಲ್ಲಿ ಸುರಿಯಲಿ ಎಂದುಕೊಳ್ಳುತ್ತಿದ್ದಾಗ ಊರೇ ದಾರಿ ತೋರಿಸಿತು. ಪುಣೆಯಲ್ಲಿ ಸೈಕಲ್ಲಿಗೆ ಹೊಸ ಗಿಯರು ಕಂಡುಹಿಡಿಯದ ಮನುಷ್ಯನೇ ಇಲ್ಲವೋ ಏನೋ ಎಂದು ನನಗೆ ಅನುಮಾನ. ಕಾಲೇಜಿನ ಹುಡುಗರು, ಪೆನ್ಶನ್ ತೆಗೆದುಕೊಳ್ಳುವ ಮುದುಕರು, ನಡುವೆ ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ಯಾರಿಂದಲೋ ನನ್ನ ಹೆಸರು ಕೇಳಿಕೊಂಡು ಕೊಂಢವಾ ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಚೀಲದಿಂದ ಒಂದು ನಕ್ಷೆಯನ್ನೋ ಒಂದು ಕಬ್ಬಿಣದ ತುಂಡನ್ನೋ ತೆಗೆದು, "ಇದು ಪ್ರ್ಯಾಕ್ಟಿಕಲ್ ಅದನೋ ಇಲ್ಲೋ ಹೇಳ್ರಿ ಸರ್" ಎನ್ನುತ್ತಾರೆ.

ಅವರೆಲ್ಲರಿಗೂ ಒಬ್ಬನೇ ವೈರಿ, ಚೈನು. ಪಾಪ, ಅದು ಯಾರಿಗೆ ಏನು ಕೇಡು ಮಾಡಿದೆ? ನೂರು ವರ್ಷಕ್ಕೂ ಮೇಲಾಯಿತು, ಮಳೆಯಲ್ಲಿ ನೆನೆದು, ಧೂಳು ತಿಂದು, ಎಣ್ಣೆ ಹಾಕಿದ ದಿನ ಉಂಡು, ಹಾಕದ ದಿನ ಉಪವಾಸವಿದ್ದು ಜಗತ್ತನ್ನೇ ಎಳೆದುಕೊಂಡು ಬಂದಿದೆ. ಮೊಣಕಾಲಿನ ಬಲದಲ್ಲಿ ಅದು ನುಂಗುವ ಪಾಲು ಭಾಳ ಕಡಿಮೆ. ಇಂಥ ಪ್ರಾಮಾಣಿಕ ನೌಕರ ಸರಕಾರಿ ಕಚೇರಿಯಲ್ಲಿದ್ದಿದ್ದರೆ ಹಾರ ಹಾಕಿ ಫೋಟೋ ತೆಗೆಯುತ್ತಿದ್ದರು. ಆದರೆ ಹೊಸದನ್ನು ಕಂಡುಹಿಡಿಯುವವರ ಕಣ್ಣಿಗೆ ಹಳೆಯ ನೌಕರ ಯಾವಾಗಲೂ ದಂಡಪಿಂಡವೇ. ಹಲ್ಲಿನ ಡಾಕ್ಟರು ಚೈನು ತೆಗೆದು ಒಂದು ಉಕ್ಕಿನ ದಂಡ ಹಾಕಿದ್ದರು, ಎರಡೂ ತುದಿಗೆ ಗಿಯರು. ನೋಡಲಿಕ್ಕೆ ಅಂದವಾಗಿತ್ತು. "ಪಂಕ್ಚರ್ ಆದರೆ ಹಿಂದಿನ ಗಾಲಿ ಯಾರು ಬಿಚ್ಚತಾರ್ರೀ?" ಎಂದೆ. "ನಾನೇ" ಎಂದರು. "ನಿಮ್ಮ ಗಿರಾಕಿ ನಾಶಿಕದ ಹತ್ತಿರ ನಿಂತಿದ್ದರ?" ಎಂದೆ. ಚಹಾ ಅರ್ಧಕ್ಕೇ ಬಿಟ್ಟರು. ಇನ್ನೊಬ್ಬ ಹುಡುಗನದು ತಾನೇ ಬದಲಾಗುವ ಗಿಯರು. ವೇಗ ಹೆಚ್ಚಾದರೆ ಒಳಗಿನ ಗುಂಡು ಹೊರಕ್ಕೆ ಸರಿದು ಗಿಯರು ಏರುತ್ತದೆ, ಏರಿದ ಕೂಡಲೇ ಭಾರವಾಗಿ ವೇಗ ಇಳಿಯುತ್ತದೆ, ಇಳಿದ ಕೂಡಲೇ ಗಿಯರು ಇಳಿಯುತ್ತದೆ. ಹೋಗಲೋ ಬೇಡವೋ ಎಂದು ಹೊಸ್ತಿಲ ಮೇಲೆ ನಿಂತ ಹೊಸ ಅಳಿಯನ ಹಾಗೆ ಆ ಸೈಕಲ್ಲು ನಮ್ಮ ಸೊಸಾಯಿಟಿಯ ಅಂಗಳದಲ್ಲಿ ಜಗ್ಗುತ್ತ ಬಗ್ಗುತ್ತ ಎರಡು ಸುತ್ತು ಹಾಕಿತು.

ಇವರೆಲ್ಲರಿಗೂ ನಾನು ಕೆಂಪು ಚೀಟಿ ಕೊಟ್ಟೆ. ಬಾಯಿಮಾತಿನಲ್ಲಿ ಅಲ್ಲ, ನಿಜವಾದ ಚೀಟಿ. ಕಾರ್ಖಾನೆ ಬಿಡುವಾಗ ಒಂದು ಕಟ್ಟು ನೆನಪಿಗೆಂದು ತಂದಿದ್ದೆ, ಹಸಿರಿನ ಕಟ್ಟು ತರಲು ಮರೆತಿದ್ದೆ. ಅದನ್ನು ಕೇಳಿ ನನ್ನ ಅಕ್ಕ ಬಿದ್ದು ಬಿದ್ದು ನಕ್ಕಿದ್ದಳು. "ಮರ್ತದ್ದಲ್ಲೋ ಪಮ್ಯಾ, ನಿನಗ ಹಸರು ಬಣ್ಣ ಇರೂದ ಗೊತ್ತಿಲ್ಲ."

ಅಕ್ಕನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕುಸುಮಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ಮೂಲ ಧಾರವಾಡ. ಅಪ್ಪ ರೇಲ್ವೆಯವರಾದ್ದರಿಂದ ಬೆಳೆದದ್ದು ದೌಂಡದ ರೇಲ್ವೆ ಕಾಲನಿಯಲ್ಲಿ. ದೌಂಡ ಎಂದರೆ ರೊಟ್ಟಿ ಬಡಿದ ಹಾಗೆ ಸಪಾಟು ನೆಲ. ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಸೀಟಿನ ಮೇಲೆ ಕೂಡದೆ, ಒಳಪೆಡಲು ಹೊಡೆಯುತ್ತ ಅಕ್ಕ ಇಡೀ ಕಾಲನಿ ಸುತ್ತುತ್ತಿದ್ದಳು. ನನಗೆ ಸೈಕಲ್ಲು ಕಲಿಸಿದವಳೂ ಅವಳೇ. ಹಿಂದೆ ಹಿಡಿದುಕೊಂಡಿದ್ದೇನೆ ಎಂದು ಹೇಳಿ ಕೈಬಿಟ್ಟು, ನಾನು ಕಬ್ಬಿನ ಗಾಡಿಯ ಎತ್ತಿನ ಹೊಟ್ಟೆಗೆ ಹೋಗಿ ಗುದ್ದಿದಾಗ, "ಎತ್ತಿಗೆ ಏನೂ ಆಗಿಲ್ಲ ತಗೊ" ಎಂದು ಧೈರ್ಯ ಹೇಳಿದವಳೂ ಅವಳೇ. ಆಮೇಲೆ ಪುಣೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತದ ಬಾಯಿ, ಅಂದರೆ ಟೀಚರು, ಆದಳು. ಸೀರೆಯ ನೆರಿಗೆಗೆ ಒಂದು ಪಿನ್ನು ಚುಚ್ಚಿ, ಕ್ಯಾರಿಯರಿಗೆ ಉತ್ತರಪತ್ರಿಕೆಗಳ ಗಂಟು ಕಟ್ಟಿ, ಮೂವತ್ತು ವರ್ಷ ಸೈಕಲ್ಲಿನ ಮೇಲೆಯೇ ಶಾಲೆಗೆ ಹೋದಳು. ಭಾವ ತೀರಿಕೊಂಡ ಮೇಲೆ ನಮ್ಮ ಕಟ್ಟಡದಲ್ಲೇ, ನಮ್ಮ ಕೆಳಗಿನ ಮನೆಯಲ್ಲಿ ಇದ್ದಾಳೆ. ಮಗಳು ವೀಣಾ ಊರಿನ ಆ ತುದಿಯ ವಾಕಡದಲ್ಲಿ, ಬ್ಯಾಂಕಿನ ಆಫೀಸರು. ರವಿವಾರ ರವಿವಾರ ಬಂದು ತಾಯಿಗೆ ಬುದ್ಧಿ ಹೇಳಿ ಹೋಗುತ್ತಾಳೆ.

ಹೋದ ವರ್ಷ ಅಕ್ಕ ಮನೆಯ ಮೆಟ್ಟಿಲ ಮೇಲೆ ಜಾರಿ ಎಡ ಮೊಣಕಾಲಿನ ಚಿಪ್ಪು ಒಡೆದುಕೊಂಡಳು. ಆಪರೇಶನ್ನು ಆಯಿತು, ನೋವೂ ಹೋಯಿತು, ಆದರೆ ಕಾಲು ಒಂದು ಹಂತದ ಆಚೆಗೆ ಮಡಚಲೇ ಇಲ್ಲ. ನಡೆಯಲಿಕ್ಕೆ ಅಡ್ಡಿಯಿಲ್ಲ, ಆದರೆ ಬಹಳ ದೂರ ನಡೆದರೆ ಬಾವು. ಸೈಕಲ್ಲಿನ ಪೆಡಲು ಮೇಲೆ ಬಂದಾಗ ಮೊಣಕಾಲು ಎದೆಯ ಕಡೆಗೆ ಬರಬೇಕಲ್ಲ, ಅಲ್ಲಿ ಅದು ಬರುವುದಿಲ್ಲ. ಹಳೆಯ ಸೈಕಲ್ಲನ್ನು ವೀಣಾ ಯಾರಿಗೋ ಕೊಟ್ಟುಬಿಟ್ಟಳು. ಆ ದಿನ ಅಕ್ಕ ಏನೂ ಮಾತಾಡಲಿಲ್ಲ. ಕುಸುಮಕ್ಕ ಮಾತಾಡದ ದಿನ ನಮ್ಮ ಕಟ್ಟಡದಲ್ಲಿ ನೀರು ಬಾರದ ದಿನದಷ್ಟೇ ಎದ್ದು ಕಾಣುತ್ತದೆ.

ಅಲ್ಲಿಂದ ಮುಂದೆ ಅವಳನ್ನು ಎಲ್ಲರೂ ಎಲ್ಲ ಕಡೆಗೂ ಕರೆದುಕೊಂಡು ಹೋಗತೊಡಗಿದೆವು. ನಾನು ಮಾರ್ಕೆಟ್ಟಿಗೆ, ನನ್ನ ಹೆಂಡತಿ ಗುಡಿಗೆ, ವೀಣಾ ಕಾರಿನಲ್ಲಿ ದವಾಖಾನೆಗೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದು ನಮಗೆ ನಾವೇ ಹಿಗ್ಗಿಕೊಂಡೆವು.

ಹೀಗಿರುವಾಗ ಒಂದು ದಿನ ಅವಳು ತನ್ನ ಹೊಲಿಗೆ ಮಶೀನಿನ ಮುಂದೆ ಕೂತು ದಿಂಬಿನ ಗವಸು ಹೊಲಿಯುತ್ತಿದ್ದಳಂತೆ. ಕಾಲಿನಲ್ಲಿ ತುಳಿಯುವ ಹಳೆಯ ಮಶೀನು. ಅರ್ಧ ಗವಸು ಹೊಲಿದ ಮೇಲೆ ಅವಳಿಗೆ ಹೊಳೆಯಿತು: ಅಲ್ಲಾ, ಈ ಕಾಲು ಇದನ್ನು ತುಳಿಯುತ್ತಿದೆಯಲ್ಲ! ಮಡಚುವುದು ಬೇಕಿಲ್ಲ, ಸುತ್ತು ತಿರುಗಿಸುವುದು ಬೇಕಿಲ್ಲ, ಮೇಲೆ ಕೆಳಗೆ ನಾಲ್ಕು ಬೆರಳಷ್ಟು ಒತ್ತಿದರೆ ಚಕ್ರ ತಿರುಗುತ್ತದೆ. ಸೈಕಲ್ಲು ಯಾಕೆ ಹೀಗೆ ಓಡಬಾರದು?

ನನ್ನನ್ನು ಕೇಳಲಿಲ್ಲ ನೋಡ್ರಿ. ಮನೆಯ ಮೇಲೆಯೇ ಗಿಯರು ಪಂಡಿತ ಕೂತಿದ್ದೇನೆ, ನಾಶಿಕದಿಂದ ಮಂದಿ ಹುಡುಕಿಕೊಂಡು ಬರುತ್ತಾರೆ, ಅಕ್ಕ ಹೋದದ್ದು ಹಿಂದಿನ ಗಲ್ಲಿಯಲ್ಲಿ ಕಿಟಕಿಯ ಗ್ರಿಲ್ಲು ಮತ್ತು ಕೈಗಾಡಿ ಮಾಡುವ ಯೂಸುಫ್‌ಭಾಯಿಯ ಹತ್ತಿರ. ಆಮೇಲೆ ಯಾಕೆ ಎಂದು ಕೇಳಿದ್ದಕ್ಕೆ, "ನಿನಗ ಕೇಳಿದ್ದರ ಆಗೂದಿಲ್ಲ ಅಂತಿದ್ದಿ. ಅಂವಗ ಆಗೂದಿಲ್ಲ ಅನ್ನೂದು ಗೊತ್ತಿದ್ದಿಲ್ಲ, ಮಾಡಿಬಿಟ್ಟ" ಎಂದಳು.

ಆರು ವಾರದ ಮೇಲೆ ಸೈಕಲ್ಲು ತಯಾರಾಗಿ ಬಂತು. ಸುತ್ತುವ ಪೆಡಲೇ ಇಲ್ಲ. ಅದರ ಬದಲಿಗೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ, ಎಡಕ್ಕೊಂದು ಬಲಕ್ಕೊಂದು. ಒತ್ತಿದರೆ ಪಟ್ಟಿ ಕೆಳಗೆ ಹೋಗಿ ಒಂದು ಚೈನಿನ ತುಂಡನ್ನು ಎಳೆಯುತ್ತದೆ, ಆ ತುಂಡು ಹಿಂದಿನ ಗಾಲಿಯನ್ನು ತಿರುಗಿಸುತ್ತದೆ. ಬಿಟ್ಟರೆ ಸ್ಪ್ರಿಂಗು ಪಟ್ಟಿಯನ್ನು ಮೇಲಕ್ಕೆ ತರುತ್ತದೆ. ಪಟ್ಟಿಯಲ್ಲಿ ಮೂರು ತೂತು. ಚೈನಿನ ಕೊಂಡಿಯನ್ನು ಪಟ್ಟಿ ಆಡುವ ಕೀಲಿನ ಹತ್ತಿರದ ತೂತಿಗೆ ಸಿಕ್ಕಿಸಿದರೆ ಹಗುರ, ದೂರದ ತೂತಿಗೆ ಸಿಕ್ಕಿಸಿದರೆ ಭಾರ. ಅದೇ ಗಿಯರು. ಯೂಸುಫ್‌ಭಾಯಿ ಅದಕ್ಕೆ ಕಿಟಕಿಗಳಿಗೆ ಬಳಿದು ಮಿಕ್ಕಿದ ಹಸಿರು ಬಣ್ಣ ಬಳಿದಿದ್ದ.

ವೀಣಾ ರವಿವಾರ ಬಂದು ನೋಡಿ ಹೌಹಾರಿದಳು. "ಆಯೀ, ಇದರ ಮ್ಯಾಲೆ ಕೂತು ಕೊಂಢವಾದ ಟ್ರಾಫಿಕ್ಕಿನ್ಯಾಗ ಹೋಗತೀ? ಶಕ್ಯ ನಾಹೀ!" ತಾಯಿ ಮಗಳ ನಡುವೆ ಅರ್ಧ ಕನ್ನಡದಲ್ಲಿ ಅರ್ಧ ಮರಾಠಿಯಲ್ಲಿ ಜಗಳ ನಡೆದು, ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ವೀಣಾ ಹೇಳಿದಳು: "ಪ್ರಮೋದ ಮಾಮಾ ಚೆಕ್ ಮಾಡಲಿ. ಮಾಮಾ ಪಾಸ್ ಮಾಡಿದರ ನಂದು ಏನೂ ತಕರಾರಿಲ್ಲ. ಫೇಲ್ ಮಾಡಿದರ ಇದು ಹಳೇ ಕಬ್ಬಿಣ ಕೊಳ್ಳೋ ಭಂಗಾರದವನಿಗೆ." ಅಕ್ಕ ಒಂದು ನಿಮಿಷ ನನ್ನ ಮುಖ ನೋಡಿ, "ಆತು" ಎಂದಳು. ಅವಳ ಧ್ವನಿಯಲ್ಲಿ ಎಂದೂ ಕೇಳದ ಒಂದು ಹೆದರಿಕೆಯಿತ್ತು. ಅದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ, ನನಗೆ ಅಷ್ಟರಲ್ಲಿ ಸ್ಪ್ರಿಂಗಿನ ಕಡೆ ಲಕ್ಷ್ಯ ಹೋಗಿತ್ತು.

ಎರಡು ದಿನ ಪರೀಕ್ಷೆ ಮಾಡಿದೆ. ಅಳತೆಪಟ್ಟಿ, ಟಾರ್ಚು, ಕಾರ್ಖಾನೆಯ ಕಾಲದ ಕನ್ನಡಕ ಎಲ್ಲ ಹೊರಗೆ ಬಂದವು. ಅಂಗಳದಲ್ಲಿ ನಾನೇ ಹತ್ತಿ ಇಪ್ಪತ್ತು ಸುತ್ತು ಹೊಡೆದೆ. ಯೂಸುಫ್‌ಭಾಯಿ ಗೋಡೆಗೆ ಒರಗಿ ಬೀಡಿ ಸೇದುತ್ತ ನೋಡಿದ. ಬ್ರೇಕು ಗಟ್ಟಿ, ಬೆಸುಗೆ ಗಟ್ಟಿ, ಅದನ್ನು ಒಪ್ಪಿಕೊಂಡೆ. ಉಳಿದದ್ದಕ್ಕೆ ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಒಂಬತ್ತು ದೋಷ ಬರೆದೆ. ಒಂದನೆಯದು, ಈ ಸೈಕಲ್ಲನ್ನು ಹಿಂದಕ್ಕೆ ದೂಡಲು ಬರುವುದಿಲ್ಲ. ಹಿಂದೆ ದೂಡಿದರೆ ಗಾಲಿ ಚೈನನ್ನು ಎಳೆದು ಪಟ್ಟಿ ಮೇಲೆ ಹೋಗಿ ತಾಕಿ, ಕತ್ತೆ ನಿಂತ ಹಾಗೆ ನಿಂತುಬಿಡುತ್ತದೆ. ಪೆಡಲು ಸುತ್ತುವುದಿಲ್ಲವಾದ್ದರಿಂದ ಓಟದಲ್ಲಿ ನಯವಿಲ್ಲ, ಪ್ರತಿ ಒತ್ತಿಗೂ ಒಂದು ಜಗ್ಗು. ಗಿಯರು ಬದಲಿಸಬೇಕಾದರೆ ಇಳಿಯಬೇಕು. ಭಾರ ಹೆಚ್ಚು. ಸ್ಪ್ರಿಂಗು ಮುರಿದರೆ ಬದಲಿ ಸಿಗುವುದಿಲ್ಲ. ಎಲ್ಲಕ್ಕಿಂತ ಹಾಸ್ಯಾಸ್ಪದವೆಂದು ನಾನು ಕೆಳಗೆ ಗೆರೆ ಎಳೆದದ್ದು ಎಂಟನೆಯದು: ಎಡಗಡೆಯ ಕೊಂಡಿ ಹತ್ತಿರದ ತೂತಿನಲ್ಲಿ, ಬಲಗಡೆಯದು ದೂರದ ತೂತಿನಲ್ಲಿ. ಅಂದರೆ ಒಂದೇ ಸೈಕಲ್ಲಿಗೆ ಒಂದೇ ಹೊತ್ತಿಗೆ ಎರಡು ಗಿಯರು! ಜಗತ್ತಿನಲ್ಲಿ ಎಲ್ಲಾದರೂ ಉಂಟೆ? ಯೂಸುಫ್‌ಭಾಯಿಗೆ ಅದನ್ನು ತೋರಿಸಿದೆ. "ಮ್ಯಾಡಮ್‌ನೇ ಬೋಲಾ ಸಾಬ್" ಎಂದು ಬೂದಿ ಉದುರಿಸಿದ.

ಹಾಳೆಯನ್ನು ಅಕ್ಕನ ಬಾಗಿಲಿನೊಳಗೆ ತೂರಿಸಿದೆ. ಸೈಕಲ್ಲಿನ ಹ್ಯಾಂಡಲ್ಲಿಗೆ ಕೆಂಪು ಚೀಟಿ ಕಟ್ಟಿದೆ. ಹೌದು, ಕಟ್ಟಿದೆ. ಕೈ ತಾನಾಗಿಯೇ ಕಟ್ಟಿತು ಎಂದರೆ ನೀವು ನಂಬಬೇಕಾಗಿಲ್ಲ. ಅಕ್ಕನ ಒಳ್ಳೆಯದಕ್ಕೇ ಮಾಡಿದ್ದೇನೆ ಎಂದುಕೊಂಡು ಮಧ್ಯಾಹ್ನ ಸೊಗಸಾಗಿ ನಿದ್ದೆ ಹೊಡೆದೆ.

ಸಂಜೆ ಹಾಳೆ ವಾಪಸ್ಸು ಬಂತು. ಅಕ್ಕ ತಾನೇ ಮೆಟ್ಟಿಲು ಹತ್ತಿ ತಂದಿದ್ದಳು, ಒಂದೊಂದು ಮೆಟ್ಟಿಲಿಗೆ ಎರಡೆರಡು ಹೆಜ್ಜೆ ಇಟ್ಟು. ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆ. ಒಂಬತ್ತು ದೋಷಕ್ಕೂ ಮುಂದೆ ಒಂದೊಂದು ರೈಟ್ ಮಾರ್ಕು. ನನಗೆ ಒಳಗೊಳಗೇ ಖುಷಿಯಾಗಿ ಕೊನೆಗೆ ನೋಡಿದರೆ, ವೃತ್ತ ಎಳೆದು ಬರೆದಿದ್ದಾಳೆ: ಒಂಬತ್ತಕ್ಕೆ ಸೊನ್ನೆ.

"ಇದೇನಕ್ಕಾ? ಎಲ್ಲಾ ರೈಟ್ ಹಾಕೀಯಲ್ಲ?"

"ಎಲ್ಲಾ ಬರೋಬರಿ ಬರದೀ. ಆದರ ಪ್ರಶ್ನಾ ಇದಲ್ಲ. ನಮ್ಮ ಸಾಳ್ಯಾಗ ಹುಡುಗ್ಯಾರು ಹಿಂಗ ಮಾಡತಿದ್ವು. ಗೊತ್ತಿದ್ದದ್ದನ್ನ ಬರದು ಹಾಳಿ ತುಂಬಸತಿದ್ವು."

"ಮತ್ತ ಪ್ರಶ್ನಾ ಏನು?"

"ಇದು ಛಲೋ ಸೈಕಲ್ಲು ಹೌದೋ ಅಲ್ಲೋ ಅಂತ ಯಾರು ಕೇಳ್ಯಾರ? ಕುಸುಮಾ ಇದನ್ನ ಹೊಡೀಬಹುದೋ ಇಲ್ಲೋ, ಅಷ್ಟ ಕೇಳಿದ್ದು. ಎರಡು ದಿನ ನೀನ ಹತ್ತಿ ಕುಣದಿ. ನನ್ನ ಒಮ್ಮೆರೆ ಹತ್ತಿಸಿ ನೋಡಿದ್ಯಾ?" ಸ್ವಲ್ಪ ತಡೆದು ಮತ್ತೆ ಹೇಳಿದಳು. "ಎಂಟನೇದರಾಗ ಎಡ ಬಲ ಅಸಮ ಅಂತ ಗೆರಿ ಹೊಡದೀ. ನನ್ನ ಕಾಲು ಅಸಮ ಅವನೋ ಪಮ್ಯಾ. ಎಡಗಾಲಿಗೆ ಹಗುರಂದು, ಬಲಗಾಲಿಗೆ ಭಾರಂದು ಅಂತ ನಾನ ಹೇಳಿ ಹಾಕಿಸೀನಿ."

ಗಿಯರಿನ ಕಾರ್ಖಾನೆಯಲ್ಲಿ ಅತಿ ಚಿಕ್ಕ ನೌಕರನಿಗೂ ಗೊತ್ತಿರುವ ಒಂದು ಮಾತಿದೆ. ಕೆಲವು ಗಿಯರುಗಳನ್ನು ಒಂಟಿಯಾಗಿ ಪರೀಕ್ಷಿಸಬಾರದು. ಅವನ್ನು ಜೋಡಿ ಜೋಡಿಯಾಗಿಯೇ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಜೋಡಿ ತಪ್ಪಿಸಿ ಬೇರೆಯದರ ಜೊತೆ ಕೂಡಿಸಿದರೆ ಎರಡೂ ಕೆಟ್ಟವೆಂದೇ ಕಾಣುತ್ತವೆ, ಕರ್ಕಶವಾಗಿ ಅರಚುತ್ತವೆ. ಹೊಸದಾಗಿ ಬಂದವರಿಗೆ ಇದನ್ನು ಕಲಿಸುತ್ತಿದ್ದವನು ನಾನು. ಈಗ ಅಕ್ಕನ ಕಾಲಿಗೆ ಹೊಂದಿಸಿದ ಯಂತ್ರವನ್ನು ನನ್ನ ಕಾಲಿಗೆ ಹಾಕಿ ತಿರುಗಿಸಿ, ಅರಚಿತು ಎಂದು ಕುಲುಮೆಗೆ ಕಳಿಸುತ್ತಿದ್ದೆ! ಮೂವತ್ತನಾಲ್ಕು ವರ್ಷದ ಅನುಭವವಿಲ್ಲದೆ ಇಂಥ ತಪ್ಪು ಮಾಡಲು ಸಾಧ್ಯವೇ ಇಲ್ಲ ಬಿಡಿ. ಸಾಧಾರಣ ಮನುಷ್ಯನಾಗಿದ್ದರೆ, "ಅಕ್ಕಾ, ಹತ್ತಿ ತೋರಿಸು" ಎಂದುಬಿಡುತ್ತಿದ್ದ.

"ನಾಳೆ ಮುಂಜಾನೆ ಮಾರ್ಕೆಟ್ಟಿಗೆ ಹೋಗೂಣು" ಎಂದೆ. "ನೀ ಹೊಡಿ. ನಾ ಹಿಂದ ಬರತೀನಿ." ಚೀಟಿ ಮಾತ್ರ ಬಿಚ್ಚಲಿಲ್ಲ. ಅಷ್ಟು ಸುಲಭಕ್ಕೆ ಸೋಲುವ ಜಾತಿಯಲ್ಲ ನಾನು.

ಮುಂಜಾನೆ ಏಳಕ್ಕೆ ಹೊರಟೆವು. ನನ್ನದು ಏಳು ಗಿಯರಿನ ನಯವಾದ ಸೈಕಲ್ಲು, ಸದ್ದಿಲ್ಲದ್ದು. ಅಕ್ಕನದು ಪ್ರತಿ ಒತ್ತಿಗೂ ಖಟಕ್ ಖಟಕ್ ಎನ್ನುತ್ತಿತ್ತು. ಹಾಲಿನವರು, ಪೇಪರಿನವರು ನಿಂತು ನೋಡಿದರು. ಬಲಗಾಲು ಒಂದು ದೊಡ್ಡ ಒತ್ತು, ಎಡಗಾಲು ಒಂದು ಸಣ್ಣ ಒತ್ತು, ಮತ್ತೆ ಬಲಗಾಲು. ಅಡಿಗೆಮನೆಯಲ್ಲಿ ಅಕ್ಕ ಚಪಾತಿ ಲಟ್ಟಿಸುವ ತಾಳವೇ. ಅಂಗಳದಲ್ಲಿ ನನ್ನ ಕೆಳಗೆ ಜಗ್ಗಾಡಿದ ಆ ಸೈಕಲ್ಲು ಇವಳ ಕೆಳಗೆ ಸಾಧುವಾಗಿ ಓಡುತ್ತಿತ್ತು. ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಭಾಜಿ ಮಾರ್ಕೆಟ್ಟಿನ ಸಂದಿಯಲ್ಲಿ ನನ್ನ ಒಂದನೆಯ ದೋಷ ಕಾದು ಕೂತಿತ್ತು. ಕಿರಿದಾದ ಸಾಲು, ಎರಡೂ ಬದಿಗೆ ಬುಟ್ಟಿ, ಎದುರಿಗೆ ಈರುಳ್ಳಿ ತುಂಬಿದ ಟೆಂಪೋ ಬಂತು. ಹಿಂದೆ ಸರಿಯಬೇಕು, ಆದರೆ ಆ ಸೈಕಲ್ಲು ಹಿಂದೆ ಸರಿಯುವುದಿಲ್ಲ. ಟೆಂಪೋದವನು ಹಾರ್ನು ಬಾರಿಸಿದ. "ನಾ ಹೇಳಿದ್ದಿಲ್ಲ?" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಕ್ಕ ಬಲಕ್ಕೆ ತಿರುಗಿ ಮೆಂತ್ಯೆ ಮಾರುವವಳಿಗೆ, "ಮಾವಶೀ, ಜರಾ ಮಾಗಚಂ ಚಾಕ ಉಚಲಾ ನಾ" ಎಂದಳು. ಆ ಹೆಂಗಸು ಕೂತಲ್ಲಿಂದ ಎದ್ದು, ಕ್ಯಾರಿಯರು ಹಿಡಿದು, ಒಂದೇ ಕೈಯಲ್ಲಿ ಹಿಂದಿನ ಗಾಲಿ ಎತ್ತಿ, ಸೈಕಲ್ಲನ್ನು ಅಕ್ಕನ ಸಮೇತ ಪಕ್ಕಕ್ಕೆ ಇಟ್ಟಳು. ಟೆಂಪೋ ಹೋಯಿತು. ಆಮೇಲೆ ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ನನ್ನ ಹಾಳೆಯಲ್ಲಿ ಮೆಂತ್ಯೆ ಮಾರುವವಳಿಗೆ ಜಾಗವೇ ಇರಲಿಲ್ಲ.

ವಾಪಸ್ಸು ಬರುವಾಗ ಏರು. ಕೊಂಢವಾದ ಆ ಏರನ್ನು ರಿಕ್ಷಾದವರೂ ಶಪಿಸುತ್ತಾರೆ. ಕೆಳಗೆ ಅಕ್ಕ ಇಳಿದು, ಬಲಗಡೆಯ ಕೊಂಡಿಯನ್ನೂ ಹಗುರದ ತೂತಿಗೆ ಹಾಕಿ, ಮತ್ತೆ ಹತ್ತಿದಳು. ನಾನು ಒಂದೊಂದೇ ಗಿಯರು ಇಳಿಸುತ್ತ ಹಿಂದೆ ಬಂದೆ. ಅರ್ಧ ಏರಿಗೆ ನನ್ನ ಏಳೂ ಗಿಯರು ಮುಗಿದವು, ಉಸಿರೂ ಮುಗಿಯಿತು. ಇಳಿದು ದೂಡತೊಡಗಿದೆ. ತಲೆ ಎತ್ತಿ ನೋಡಿದರೆ ಮೇಲೆ ಅಕ್ಕನ ಸೈಕಲ್ಲು ಏರಿನ ನಡುವೆ ನಿಂತುಬಿಟ್ಟಿದೆ.

ಏರಿನ ಮೇಲೆ ಸೈಕಲ್ಲು ನಿಂತರೆ ಮರುಕ್ಷಣ ಹಿಂದಕ್ಕೆ ಉರುಳುತ್ತದೆ. ಥಟ್ಟನೆ ಕಾಲು ಕೆಳಗಿಟ್ಟು ತಡೆಯಬೇಕು. ಆ ಕಾಲು ಮಡಚುವುದಿಲ್ಲ. ಹಿಂದೆ ಬಸ್ಸು ಬರುತ್ತಿದೆ. "ಅಕ್ಕಾ! ಇಳೀ, ಇಳೀ!" ಎಂದು ಕೂಗಿಕೊಂಡು, ನನ್ನ ಸೈಕಲ್ಲನ್ನು ರಸ್ತೆಯ ಮೇಲೆಯೇ ಬಿಸಾಕಿ ಓಡಿದೆ. ಎಷ್ಟು ವರ್ಷವಾಗಿತ್ತೋ ಓಡಿ.

ಸೈಕಲ್ಲು ಉರುಳಲಿಲ್ಲ. ಒಂದು ಗೇಣು ಹಿಂದೆ ಸರಿದು, ಖಟಕ್ ಎಂದು ನಿಂತಿತು. ಹಿಂದಕ್ಕೆ ಹೋಗಲಾರದ ಸೈಕಲ್ಲು ಏರಿನಲ್ಲಿಯೂ ಹಿಂದಕ್ಕೆ ಹೋಗುವುದಿಲ್ಲ, ಇದಕ್ಕೆ ಯಾವ ಪಾಂಡಿತ್ಯ ಬೇಕು? ಅಕ್ಕ ಬಲಗಾಲನ್ನು ರಸ್ತೆಗೆ ಊರಿ, ಸೀಟಿನ ಮೇಲೆಯೇ ಕೂತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಸುಧಾರಿಸಿಕೊಳ್ಳಲಿಕ್ಕೆ ನಿಂತಿದ್ದಳಂತೆ. ಬಸ್ಸು ನಮ್ಮಿಬ್ಬರನ್ನೂ ಬಳಸಿ ಹೋಯಿತು.

"ಯಾಕೋ, ಏನಾತು? ಮಾರಿ ಯಾಕ ಹಂಗ ಆಗೇದ?" ಎಂದು ಕೇಳಿದಳು.

ಅವಳ ಹ್ಯಾಂಡಲ್ಲು ಹಿಡಿದುಕೊಂಡು ನಿಂತೆ. ಅವಳಿಗೆ ಏನಾದರೂ ಆಗಿಬಿಡುತ್ತದೆಂದು ನಾನು ಎಷ್ಟು ಹೆದರಿದ್ದೆ ಎನ್ನುವುದು ನನಗೇ ಆಗ ತಿಳಿದದ್ದು. ಅಕ್ಕ ನನ್ನ ಕೈಯ ಮೇಲೆ ಕೈ ಇಟ್ಟಳು. ನೋಡಿದರೆ ಅವಳ ಕಣ್ಣಲ್ಲಿ ನೀರಿತ್ತು, ಬೆವರಲ್ಲ.

"ಏಳು ತಿಂಗಳಾತೋ ಪಮ್ಯಾ" ಎಂದಳು. "ನೀವೆಲ್ಲಾರೂ ಭಾಳ ಛಲೋ ನೋಡಿಕೊಂಡ್ರಿ, ಇಲ್ಲ ಅನ್ನೂದಿಲ್ಲ. ಆದರ ಒಂದು ನಿಂಬಿಹಣ್ಣು ಬೇಕಾದರೂ ಯಾರನ್ನರೆ ಕೇಳಬೇಕು. ನಿಮಗ ಟೈಮ್ ಅದನೋ ಇಲ್ಲೋ ನೋಡಬೇಕು. ಆಮ್ಯಾಲೆ ನಾನ ಅಂದೆ, ನಿಂಬಿಹಣ್ಣ ಬ್ಯಾಡ. ಹಿಂಗ ಒಂದೊಂದ ಬ್ಯಾಡ ಅಂತ ಬಿಟ್ಟುಕೋತ ಬಂದೆ."

ಏರಿನ ನಡುವೆ ನಿಂತು ನಾನು ಕೆಂಪು ಚೀಟಿ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಡಿದೆ. ಅಕ್ಕ ಬಲಗಾಲು ಮೇಲೆತ್ತಿ ಪಟ್ಟಿಯ ಮೇಲಿಟ್ಟು ಒತ್ತಿದಳು, ಸೈಕಲ್ಲು ನಿಂತಲ್ಲಿಂದಲೇ ಮುಂದಕ್ಕೆ ಹೋಯಿತು. ನಾನು ಕೆಳಗೆ ಬಿದ್ದಿದ್ದ ನನ್ನ ಸೈಕಲ್ಲಿನ ಕಡೆಗೆ ಇಳಿದೆ. ಅದನ್ನು ಯಾರೋ ಪುಣ್ಯಾತ್ಮ ಎತ್ತಿ ಗೋಡೆಗೆ ಒರಗಿಸಿದ್ದ.

ಮನೆಗೆ ಬಂದು ವೀಣಾಗೆ ಫೋನು ಮಾಡಿದೆ. ನಮ್ಮ ಕಾರ್ಖಾನೆಯಲ್ಲಿ ಅಪರೂಪಕ್ಕೊಮ್ಮೆ ಬರೆಯುತ್ತಿದ್ದ ಒಂದು ಷರಾ ಇತ್ತು. ಅಳತೆಗೆ ಸರಿಹೊಂದದ ಗಿಯರು ಒಬ್ಬ ಗಿರಾಕಿಯ ಕೆಲಸಕ್ಕೆ ಮಾತ್ರ ಬರೋಬರಿ ಕೂಡುತ್ತದೆ ಎಂದಾದರೆ, "ಈ ಗಿರಾಕಿಗೆ ಮಾತ್ರ" ಎಂದು ಬರೆದು ಪಾಸು ಮಾಡುತ್ತಿದ್ದೆವು. ಮೂವತ್ತನಾಲ್ಕು ವರ್ಷದಲ್ಲಿ ನಾನು ಅದನ್ನು ಎರಡೋ ಮೂರೋ ಸಲ ಬರೆದಿರಬಹುದು, ಅದೂ ಹಲ್ಲು ಕಡಿಯುತ್ತ. ಈಗ ಬಾಯಿ ತುಂಬ ಹೇಳಿದೆ. ಆ ಷರಾ ನೆನೆದರೆ ನನಗೀಗ ಅನಿಸುವುದೇನೆಂದರೆ, ಪ್ರ್ಯಾಕ್ಟಿಕಲ್ ಎನ್ನುವ ಮಾತಿಗೆ ಯಾರಿಗೆ ಎಂದು ಕೇಳದೆ ನಾನು ಉತ್ತರ ಕೊಡುತ್ತ ಬಂದೆ. ಹಲ್ಲಿನ ಡಾಕ್ಟರಿಗೆ ಒಂದು ಪೂರ್ತಿ ಕಪ್ ಚಹಾ ಕೊಡುವುದು ನನ್ನಿಂದ ಬಾಕಿ ಇದೆ.

ವೀಣಾ ಎಲ್ಲ ಕೇಳಿ, "ಸರಿ ಮಾಮಾ. ಆದರ ಆಯೀ ಜೋಡಿ ನೀ ಇರತೀ ಅಲ್ಲ, ದಿನಾ?" ಎಂದಳು. "ಇರತೀನಿ, ನೀ ಕಾಳಜಿ ಮಾಡಬ್ಯಾಡ" ಎಂದೆ. ಹೇಳುವಾಗ ಎದೆ ಉಬ್ಬಿತು. ಇನ್ನು ಮೇಲೆ ಅಕ್ಕ ಮುಂದೆ, ನಾನು ಹಿಂದೆ, ದಿನಾಲೂ ಮುಂಜಾನೆ. ಒಳ್ಳೆಯ ಏರ್ಪಾಡೇ.

ಮರುದಿನ ಏಳಕ್ಕೆ ಐದು ನಿಮಿಷವಿರುವಾಗಲೇ ನಾನು ಗೇಟಿನ ಹತ್ತಿರ ತಯಾರಾಗಿ ನಿಂತಿದ್ದೆ. ಟೋಪಿ ಹಾಕಿದ್ದೆ, ನೀರಿನ ಬಾಟಲಿ ಸಿಕ್ಕಿಸಿದ್ದೆ. ಖಟಕ್ ಖಟಕ್ ಎನ್ನುತ್ತ ಅಕ್ಕ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಎಲ್ಲಿಗೆ ಹೊಂಟಿ?"

"ಮಾರ್ಕೆಟ್ಟಿಗೆ. ನಿನ್ನ ಜೋಡಿ."

"ನೀ ಯಾಕ ಸುಮ್ನ ತ್ರಾಸ ತಗೋತೀ" ಎಂದಳು ಅಕ್ಕ, ಎಷ್ಟು ಅಕ್ಕರೆಯಿಂದ ಎಂದರೆ ನಾವು ಏಳು ತಿಂಗಳು ಅವಳಿಗೆ ಹೇಳುತ್ತ ಬಂದ ಧ್ವನಿ ಅದೇ. "ನಿನಗ ಏನು ಬೇಕು ಹೇಳು, ನಾನ ತಂದು ಕೊಡತೀನಿ."

ನಾನು ಟೋಪಿ ತೆಗೆದೆ. ಅವಳು ಕಾಯುತ್ತಿದ್ದಳು.

"ಒಂದು ಕಟ್ಟು ಕೊತ್ತಂಬರಿ" ಎಂದೆ.

ಖಟಕ್ ಖಟಕ್ ಎಂದು ಸದ್ದು ಮಾಡುತ್ತ ಆ ಹಸಿರು ಸೈಕಲ್ಲು ಗೇಟು ದಾಟಿ, ಎಡಕ್ಕೆ ತಿರುಗಿ, ಏರು ಇಳಿಯುತ್ತ ಹೋಯಿತು. ಮನೆಯಲ್ಲಿ ಆಗಲೇ ಎರಡು ಕಟ್ಟು ಕೊತ್ತಂಬರಿ ಇತ್ತು.